ಕಳೆಯೊಂದಿಗೆ ಗೋಧಿಯನ್ನೂ ಕಿತ್ತೀರಿ, ಜೋಕೆ!

(ಮತ್ತಾಯ 13: 24-30)



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಕಣ್ಣೊರೆಸಿಕೊಳ್ಳುತ್ತಾ ನನ್ನ ಬಳಿ ಬಂದರು. "ಫಾದರ್, ಮಗ ಮೊದಲ ಸಂಬಳದಲ್ಲಿ ಒಂದು ಗ್ರಾಮಫೋನ್ ರೆಕಾರ್ಡ್ ತಂದಿದ್ದಾನೆ. ಕಪ್ಪು ಹೊದಿಕೆ, ಅದರ ಮೇಲೆ ನೇರಳೆ ಅಕ್ಷರ. ತಂಡದ ಹೆಸರು ಬ್ಲ್ಯಾಕ್ ಸಬ್ಬತ್ ಅಂತೆ. ನಾವು ಜಪಸರಕ್ಕೆ ಕೂತರೆ ಅವನು ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಕೇಳುತ್ತಾನೆ. ಸೈತಾನನ ಹಾಡು ಅಂತಾರೆ ಎಲ್ಲರೂ. ಅವನಿಲ್ಲದಾಗ ಒಡೆದುಹಾಕಿಬಿಡಲೇ?" ಎಂದರು.

"ಬೇಡಮ್ಮ, ಮೊದಲು ಒಂದು ಸಲ ಅವನ ಜೊತೆ ಕೂತು ಕೇಳಿ" ಎಂದೆ. ಆಕೆ ನನ್ನನ್ನೇ ಸಂಶಯದಿಂದ ನೋಡಿದರು!

ಹಾಗೆ ಹೇಳಲು ಕಾರಣವಿತ್ತು. 'ಡೂಮ್ ಮೆಟಲ್' ಎಂದು ಯುವಕರು ಕರೆಯುವ, ನಿಧಾನವಾದ, ಭಾರವಾದ, ಶೋಕ ತುಂಬಿದ ಸಂಗೀತದ ಬೇರು ಈ ತಂಡದಲ್ಲಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾರ್ಮಿಕರ ಬಡಾವಣೆಯಲ್ಲಿ ಹುಟ್ಟಿದ ತಂಡವದು. ಗಿಟಾರ್ ವಾದಕ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕೆಲಸದ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹೋಯಿತು. ಇನ್ನು ಗಿಟಾರ್ ನುಡಿಸಲಾಗದು ಎಂದು ಎದೆಗುಂದಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕರು ಒಂದು ರೆಕಾರ್ಡ್ ತಂದು ಕೇಳಿಸಿದರು. ಬೆಂಕಿ ಅನಾಹುತದಲ್ಲಿ ಎರಡು ಬೆರಳುಗಳ ಶಕ್ತಿ ಕಳೆದುಕೊಂಡೂ ನುಡಿಸಿದ ಜಾಂಗೋ ರೈನ್‌ಹಾರ್ಟ್ ಅವರ ವಾದನವದು. ಹುಡುಗ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದೆ, ನೋಯುವ ಬೆರಳಿಗೆ ಹಗುರವಾಗಲೆಂದು ತಂತಿಗಳನ್ನು ಸಡಿಲಿಸಿದಾಗ ನಾದ ಇನ್ನೂ ತಗ್ಗಿತು, ಭಾರವಾಯಿತು. ಆ ತಾಯಿ ಸೈತಾನನದೆಂದು ಹೆದರಿದ ಧ್ವನಿಯಲ್ಲಿ ಒಬ್ಬ ಕಾರ್ಮಿಕನ ಗಾಯವಿದೆ.

ಮಗ ತಂದಿದ್ದು ಅವರ ಮೂರನೆಯ ಆಲ್ಬಮ್ 'ಮಾಸ್ಟರ್ ಆಫ್ ರಿಯಾಲಿಟಿ'. 1971ರಲ್ಲಿ ಬಂದದ್ದು, ಈಗ ಮತ್ತೆ ಹೊಸದಾಗಿ ಅಚ್ಚಾಗಿದೆ. ಅದರ ಮೊದಲ ಹಾಡು ಗಾಂಜಾವನ್ನು ಹೊಗಳುತ್ತದೆ. ಇದನ್ನು ನಾನು ಮುಚ್ಚಿಡಲಾರೆ. ಮಾದಕವಸ್ತು ಆ ಗೆಳೆಯರ ಬದುಕನ್ನೇ ಹಿಂಡಿತು. ಆದರೆ ಸೂಜಿ ಇನ್ನೂ ಸ್ವಲ್ಪ ಮುಂದೆ ಸರಿದರೆ, ಅದೇ ಮಗ್ಗುಲಿನ ಎರಡನೆಯ ಹಾಡು ಮರಣದ ನಂತರ ಆತ್ಮದ ಗತಿಯೇನು ಎಂದು ಕೇಳುತ್ತದೆ. ದೇವರನ್ನು ಹಾಸ್ಯ ಮಾಡುವವರನ್ನು ತರಾಟೆಗೆ ತೆಗೆದುಕೊಳ್ಳುತ್ತದೆ. ಅದನ್ನು ಬರೆದ ಗೀಜರ್ ಬಟ್ಲರ್ ಕಥೋಲಿಕ ಮನೆಯಲ್ಲಿ ಬೆಳೆದವರು.

ಒಂದೇ ರೆಕಾರ್ಡ್, ಒಂದೇ ಮಗ್ಗುಲು. ಕಳೆಯ ಪಕ್ಕದಲ್ಲೇ ಗೋಧಿ! ಕಳೆ ಕೀಳಲು ಅವಸರಪಟ್ಟ ಆಳುಗಳನ್ನು ಸಾಮತಿಯ ಯಜಮಾನ ತಡೆದದ್ದು ಕಳೆಯ ಮೇಲಿನ ಪ್ರೀತಿಯಿಂದಲ್ಲ, ಗೋಧಿಯ ಮೇಲಿನ ಕಾಳಜಿಯಿಂದ. ಗಾಂಜಾ ತಪ್ಪೆಂದು ಮಗನಿಗೆ ಸ್ಪಷ್ಟವಾಗಿ ಹೇಳಲೇಬೇಕು. ಆದರೆ ರೆಕಾರ್ಡನ್ನು ಒಡೆದರೆ ಅದರ ಜೊತೆ ಮಗನ ವಿಶ್ವಾಸವೂ ಒಡೆದುಹೋದೀತು.

ಶೋಕಗೀತೆಗೆ ನಾವೇಕೆ ಹೆದರಬೇಕು? ನಮ್ಮ ಕೀರ್ತನೆಗಳಲ್ಲೇ ಎಷ್ಟೊಂದು ಅಳುವಿದೆ! 88ನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಧರ್ಮಸಭೆ ಅದನ್ನು ಬೈಬಲಿನಿಂದ ಕಿತ್ತುಹಾಕಲಿಲ್ಲ. ಪ್ರಾರ್ಥನೆಯೆಂದು ನಮ್ಮ ಕೈಗಿತ್ತಿದೆ.

ಎರಡು ವಾರದ ನಂತರ ಆ ತಾಯಿ ಮತ್ತೆ ಬಂದರು. "ಕೂತು ಕೇಳಿದೆ ಫಾದರ್. ತಲೆನೋವು ಬಂತು!" ಎಂದು ನಕ್ಕರು. ಮರುಕ್ಷಣವೇ ಅವರ ದನಿ ಕುಗ್ಗಿತು. "ರೆಕಾರ್ಡ್ ನಿಂತ ಮೇಲೆ ಅಪ್ಪನ ಮಾತು ತೆಗೆದ. ಅಪ್ಪನನ್ನು ಮಣ್ಣು ಮಾಡಿದ ದಿನ ಅವನು ಅತ್ತಿರಲಿಲ್ಲ. ಮೊನ್ನೆ ಅತ್ತ." ಮಗ ಇನ್ನೂ ಜಪಸರಕ್ಕೆ ಕೂತಿಲ್ಲ. ಆದರೆ ಈಗ ಕೋಣೆಯ ಬಾಗಿಲು ಹಾಕುವುದಿಲ್ಲವಂತೆ.

ಪ್ರಿಯ ತಂದೆತಾಯಿಗಳೇ, ಈ ವಾರ ನಿಮ್ಮ ಮಕ್ಕಳು ಕೇಳುವ ಒಂದು ಹಾಡನ್ನು ಅವರ ಪಕ್ಕದಲ್ಲಿ ಕೂತು ಪೂರ್ತಿ ಕೇಳಿ. ಮುಗಿದ ಮೇಲೆ "ಇದರಲ್ಲಿ ನಿನಗೆ ಏನು ಇಷ್ಟ, ಮಗೂ?" ಎಂದಷ್ಟೇ ಕೇಳಿ, ಸುಮ್ಮನಿರಿ. ಎಮ್ಮಾವಿನ ದಾರಿಯಲ್ಲಿ ಪ್ರಭು ಯೇಸು ಮಾಡಿದ್ದೂ ಇದನ್ನೇ: ಮೊದಲು ಶಿಷ್ಯರ ದುಃಖವನ್ನು ಕೇಳಿಸಿಕೊಂಡರು, ಆಮೇಲೆ ಬೋಧಿಸಿದರು.

ಪ್ರಭುವೇ, ನಮ್ಮ ಮಕ್ಕಳ ಮೊರೆಯನ್ನು ಕೇಳುವ ಕಿವಿಯನ್ನು ನಮಗೆ ದಯಪಾಲಿಸಿರಿ. ಆಮೆನ್.