ದಂಡಿನಿಂದ ಬಂದ ಕಲ್ಲು

ಸುಣ್ಣ-ಬಣ್ಣಕ್ಕೆಂದು ನಮ್ಮ ಬೀದಿಯ ಕ್ಷೌರದಂಗಡಿಯನ್ನು ಕಳೆದ ವಾರ ಖಾಲಿ ಮಾಡಿದರು. ಕನ್ನಡಿಯ ಹಿಂದಿನ ಗೂಡಿನಲ್ಲಿ ಒಂದು ಕಲ್ಲು ಸಿಕ್ಕಿತು. ಗೇಣಿಗೆ ಸ್ವಲ್ಪ ಕಡಿಮೆ ಉದ್ದ, ಎರಡು ಬೆರಳಗಲ. ಎಣ್ಣೆ, ಸೋಪು, ಧೂಳು ಮೆತ್ತಿ ಕಪ್ಪಗಾಗಿತ್ತು. ಅಂಗಡಿಯ ಹುಡುಗ ಅದನ್ನು ಅಕ್ಕಸಾಲಿಗರ ಒರೆಗಲ್ಲು ಎಂದ. ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಗಂಧ ತೇಯುವ ಸಾಣೆಕಲ್ಲು ಎಂದರು. ಅಂಗಡಿಯ ಹಿರಿಯರು ನಕ್ಕರು. "ನಮ್ಮಪ್ಪ ಕತ್ತಿ ಮಸೀತಿದ್ದ ಕಲ್ಲು ಮೇಷ್ಟ್ರೇ. ಬೆಂಗಳೂರು ದಂಡಿನಲ್ಲಿ ಸೋಲ್ಜರುಗಳಿಗೆ ಕ್ಷೌರ ಮಾಡ್ತಿದ್ದಾಗ ತಗೊಂಡಿದ್ದು. ಯಾವ ಸೀಮೇದು ಅಂತ ನೀವೇ ನೋಡಿ ಹೇಳಿ."

ಇಂಥದ್ದು ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಮನೆಗೆ ತಂದು ರಾತ್ರಿ ಸೋಪಿನ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಒಂದು ಮೈ ಬೆಣ್ಣೆಯ ಬಣ್ಣಕ್ಕೆ ತಿರುಗಿತು. ಇನ್ನೊಂದು ಮೈ ನೇರಳೆ ಬೆರೆತ ಬೂದಿ. ಬದಿಯಲ್ಲಿ ಎರಡೂ ಕೂಡುವ ಗೆರೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಅಂಟು ಹಾಕಿ ಕೂಡಿಸಿದ್ದಾದರೆ ಆ ಗೆರೆ ಸ್ಕೇಲಿಟ್ಟು ಎಳೆದ ಹಾಗಿರುತ್ತದೆ. ಇದು ಸ್ವಲ್ಪ ಅಂಕುಡೊಂಕು. ಒಂದು ಕಡೆ ಹಳದಿ ಬೂದಿಯೊಳಕ್ಕೇ ನುಸುಳಿತ್ತು. ನೆಲದೊಳಗೇ ಬೆಸೆದುಕೊಂಡ ಜೋಡಿ. ನೀರು ಚಿಮುಕಿಸಿ ಮೂಲೆಯಲ್ಲಿ ನಯವಾದ ವಾಟರ್ ಪೇಪರಿನಿಂದ ಉಜ್ಜಿದೆ. ಹಳದಿ ಮೈ ಬಿಟ್ಟ ಕೆಸರು ಹಾಲಿನಂತೆ ಬೆಳ್ಳಗಿತ್ತು, ಬೂದಿ ಮೈಯದು ನೇರಳೆ.

ಬೆಲ್ಜಿಯಂನ ಕೋಟಿಕ್ಯೂಲ್! ಆರ್ಡೆನ್ ಬೆಟ್ಟಸೀಮೆಯ ವಿಯೆಲ್‌ಸಾಮ್ ಸುತ್ತಮುತ್ತ ಅಗೆಯುವ ಕಲ್ಲು. ಹಳದಿ ಪದರ ಅಲ್ಲಿ ಕೆಲವೇ ಸೆಂಟಿಮೀಟರ್ ದಪ್ಪ, ಅದಕ್ಕಾಗಿ ರಾಶಿಗಟ್ಟಲೆ ಬಂಡೆ ಒಡೆಯಬೇಕು. ಮೆತ್ತಗಿನ ಅಭ್ರಕದ ನಡುವೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಗಾರ್ನೆಟ್ ಹರಳುಗಳು ಕಿಕ್ಕಿರಿದಿರುತ್ತವೆ. ಅಲಗನ್ನು ಹರಿತ ಮಾಡುವುದು ಅವೇ. ನಮ್ಮ ನವರತ್ನದ ಗೋಮೇದಕವೂ ಅದೇ ಬಳಗದ್ದು. ಇನ್ನು ಕೋಟಿಕ್ಯೂಲ್ ಎಂಬ ಹೆಸರಿನ ಮೂಲ ಲ್ಯಾಟಿನ್ನಿನ ಕೋಟಿಕುಲಾ. ಆ ಭಾಷೆಯಲ್ಲಿ ಒರೆಗಲ್ಲಿಗೂ ಅದೇ ಪದ. ಅಂಗಡಿ ಹುಡುಗ ಪೂರ್ತಿ ತಪ್ಪಿರಲಿಲ್ಲ ಅನ್ನಿ.

ಎಲ್ಲ ಕಲ್ಲೂ ಇಷ್ಟು ಸಲೀಸಾಗಿ ಊರು ಹೇಳುವುದಿಲ್ಲ. ಜರ್ಮನಿಯ ತುರಿಂಗಿಯಾದಿಂದ ಬಂದ ನಯವಾದ ಕತ್ತಿಗಲ್ಲು ನೋಡಲು ಬರೀ ಬೂದು-ಹಸಿರು ಸ್ಲೇಟು. ಸೋನೆಬರ್ಗಿನ ಎಶರ್ ಕಂಪನಿಯ ಚೀಟಿ ಮೈಮೇಲಿದ್ದರೆ ಅದಕ್ಕೆ ಚಿನ್ನದ ಬೆಲೆ, ಚೀಟಿ ಹೋದರೆ ಅನುಮಾನದ ಬೆಲೆ. ಕಲ್ಲಿನ ಉದ್ದಕ್ಕೂ ಕಣ ಒಂದೇ ಸಮನಾಗಿದ್ದು ಬಿಸಿಲಿಗೆ ಮಿಣಮಿಣ ಅಂದರೆ ಅದು ಕಾರ್ಖಾನೆಯ ಸರಕು: 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕಂಡುಹಿಡಿದ ಕಾರ್ಬೊರಂಡಮ್ ಜಾತಿಯದು.

ಕಲ್ಲು ಒರೆಸಿಟ್ಟು ಬಕೆಟ್ಟಿನ ನೀರು ಚೆಲ್ಲುವಾಗ ನೋಡುತ್ತೇನೆ, ತಳದಲ್ಲಿ ಹೆಬ್ಬೆರಳಗಲದ ಕಾಗದದ ಮುದ್ದೆ. ಕೊಳೆಯ ಕೆಳಗೆ ಚೀಟಿಯೊಂದು ಅಂಟಿಕೊಂಡಿತ್ತು! ಬಿಡಿಸಿ ಹರವಲು ಹೋದರೆ ಬೆರಳಿಗೆ ಹಿಟ್ಟಾಯಿತು. ಅಂಚಿನ ಒಂದು ಕೆಂಪು ಗೆರೆ ಬಿಟ್ಟರೆ ಏನೂ ಉಳಿಯಲಿಲ್ಲ. ಅಷ್ಟು ವರ್ಷ ಗೂಡಿನಲ್ಲಿ ಉಳಿದದ್ದನ್ನು ನಾನು ಒಂದೇ ರಾತ್ರಿಯಲ್ಲಿ ಕರಗಿಸಿದ್ದೆ.

ಸಂಜೆ ಕಲ್ಲು ಹಿಂದಿರುಗಿಸಿದೆ. ಬೆಲ್ಜಿಯಂ ಎಂದಾಗ ಹಿರಿಯರು ತಲೆದೂಗಿದರು. ಹಳದಿ ಮೈಮೇಲೆ ಹೆಬ್ಬೆರಳು ಆಡಿಸುತ್ತ, "ಇದರಲ್ಲಿ ಎಳೆದು, ಚರ್ಮದ ಪಟ್ಟಿಗೆ ಹಾಕಿ, ಆಮೇಲೆ ಅಂಗೈಗೆ ತಿಕ್ಕೋರು ನಮ್ಮಪ್ಪ" ಎಂದರು. ಏಡ್ಸ್ ಭಯ ಬಂದ ಮೇಲೆ ಅವರ ಅಂಗಡಿಯಲ್ಲೂ ಗಿರಾಕಿಗೊಂದು ಅರ್ಧ ಬ್ಲೇಡು. ಮಸೆಯುವ ಕೆಲಸವೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ದಂಡಿನಲ್ಲಿ ಯಾವ ಅಂಗಡಿಯವರು ಕೊಟ್ಟಿದ್ರೋ, ಅದು ಗೊತ್ತಾಗತ್ತಾ ಮೇಷ್ಟ್ರೇ?"

ಚೀಟಿಯ ವಿಷಯ ಹೇಳಿ ತಪ್ಪೊಪ್ಪಿಕೊಂಡೆ. ನಿಮ್ಮ ಮನೆಯ ಅಟ್ಟದಲ್ಲೋ ಹಳೇ ಪೆಟ್ಟಿಗೆಯಲ್ಲೋ ಇಂಥ ಕಲ್ಲು ಸಿಕ್ಕರೆ ನೀರಿಗೆ ಹಾಕಬೇಡಿ. ಮೊದಲು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಆರೂ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ಕಾಗದ ಕಂಡರೆ ಫೋಟೊ ತೆಗೆದಿಟ್ಟುಕೊಳ್ಳಿ.