ಗೊತ್ತಿರುವುದು, ಬರುವುದು

ಕನ್ನಡದಲ್ಲಿ ಈಜು ‘ಬರುತ್ತದೆ’. ಅಡುಗೆ, ಹೊಲಿಗೆ, ತಮಿಳು ಎಲ್ಲವೂ ಒಬ್ಬರಿಗೆ ಬರುತ್ತವೆ ಅಥವಾ ಬರುವುದಿಲ್ಲ. ಜಪಾನಿನ ರಾಜಧಾನಿ ಯಾವುದು ಎಂಬುದು ಮಾತ್ರ ಬರುವಂಥದ್ದಲ್ಲ, ಅದು ಗೊತ್ತಿರುವಂಥದ್ದು. (ಮಗ್ಗಿ ‘ಬರುತ್ತದೆ’ ಎನ್ನುತ್ತೇವೆ ನಿಜ. ಆದರೆ ಮಗ್ಗಿ ನಾಲಿಗೆ ಪಳಗಬೇಕಾದ ವಿದ್ಯೆ, ಮಾಹಿತಿಯಲ್ಲ.) ನಮ್ಮ ಭಾಷೆ ಎರಡು ಕ್ರಿಯಾಪದಗಳಲ್ಲಿ ಮುಗಿಸಿದ ಈ ವ್ಯತ್ಯಾಸವನ್ನು ವಿವರಿಸಲು ಗಿಲ್ಬರ್ಟ್ ರೈಲ್ 1949ರ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಬರೆದ. ಅವನ ವಾದ ಸರಳ. ಜಾಣತನದಿಂದ ಮಾಡುವ ಪ್ರತಿ ಕೆಲಸಕ್ಕೂ ಮೊದಲು ಒಂದು ನಿಯಮವನ್ನು ಮನಸ್ಸಿನಲ್ಲಿ ನೆನೆದುಕೊಳ್ಳಬೇಕು ಎಂದಾದರೆ, ಆ ನೆನೆಯುವ ಕೆಲಸವನ್ನು ಜಾಣತನದಿಂದ ಮಾಡಲು ಇನ್ನೊಂದು ನಿಯಮ ಬೇಕು, ಅದಕ್ಕೆ ಮತ್ತೊಂದು. ಹೀಗೇ ಹೋದರೆ ಯಾರೂ ಯಾವ ಕೆಲಸವನ್ನೂ ಶುರು ಮಾಡಲಾರರು. ಹಾಗಾಗಿ ಬರುವುದು ಗೊತ್ತಿರುವುದರ ಬಾಲವಲ್ಲ, ಅದಕ್ಕೆ ಅದರದೇ ಕಾಲಿದೆ.

ನನ್ನ ಪ್ರಶ್ನೆ ಇದರ ಪಕ್ಕದ್ದು. ಗೊತ್ತಿರುವವರಿಗೂ ಬರುವವರಿಗೂ ಇರುವ ವ್ಯತ್ಯಾಸ ಬರೀ ಜ್ಞಾನದ್ದೇ, ಅಥವಾ ಹೊಣೆಯದ್ದೂ ಹೌದೇ?

ಇದು ನನ್ನ ತಲೆಗೆ ಹೊಕ್ಕಿದ್ದು ಗ್ರಂಥಾಲಯದಲ್ಲಲ್ಲ, ಕಂಪ್ಯೂಟರ್ ರಿಪೇರಿ ಕೋಣೆಯಲ್ಲಿ. ಸಂಶೋಧನೆಯ ನಡುವೆ ವಾರಕ್ಕೆರಡು ಮಧ್ಯಾಹ್ನ ಅಲ್ಲಿ ಕೂತು ಕೆಲಸ ಕಲಿಯುತ್ತಿದ್ದೇನೆ. ಫೆಲೋಶಿಪ್ ಮುಗಿದ ಮೇಲೆ ಕೈಯಲ್ಲೊಂದು ಕಸುಬಿರಲಿ ಎಂಬುದು ಒಂದು ಕಾರಣ, ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಕಾರಣ, ತಂತ್ರಜ್ಞಾನದ ಸುದ್ದಿಯ ಹುಚ್ಚು. ಹೊಸ ಚಿಪ್ ಎಷ್ಟು ನ್ಯಾನೋಮೀಟರಿನದು, ಯಾವ ಕಂಪನಿ ಯಾವುದನ್ನು ಕೊಂಡಿತು ಎಂಬುದನ್ನೆಲ್ಲ ಬೆಳಗಿನ ಕಾಫಿಯ ಜೊತೆ ಓದುವವರಲ್ಲಿ ನಾನೂ ಒಬ್ಬ. ನನ್ನ ತಲೆಮಾರಿನ ಬಹಳ ಮಂದಿ ಹೀಗೆಯೇ. ಈ ಸುದ್ದಿ ನಮಗೆ ಬಲ್ಲವರೆಂಬ ಭಾವವನ್ನು ಪುಕ್ಕಟೆಯಾಗಿ ಕೊಡುತ್ತದೆ.

2024ರ ಜುಲೈ 19, ಶುಕ್ರವಾರವನ್ನು ನೆನೆಯಿರಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ತಂತ್ರಾಂಶಕ್ಕೆ ಒಂದು ಸಣ್ಣ ಅಪ್‌ಡೇಟ್ ಕಳಿಸಿತು. ಅದು 21 ಮಾಹಿತಿಗಳನ್ನು ಬಯಸುತ್ತಿತ್ತು, ಕಂಪ್ಯೂಟರಿನೊಳಗಿದ್ದ ತಂತ್ರಾಂಶ ಒದಗಿಸುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ವಿಂಡೋಸ್ ಕುಸಿಯಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸುತ್ತ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು, ಅದರ ಚಿತ್ರ ಆವತ್ತು ಬಹಳ ಮೊಬೈಲುಗಳಿಗೆ ಬಂತು.

ಕಂಪನಿ 78 ನಿಮಿಷದಲ್ಲಿ ಆ ಅಪ್‌ಡೇಟನ್ನು ಹಿಂತೆಗೆದುಕೊಂಡಿತು. ಸುದ್ದಿಯ ಲೆಕ್ಕದಲ್ಲಿ ಕತೆ ಅಲ್ಲಿಗೆ ಬಹುಪಾಲು ಮುಗಿದಂತೆ. ಆದರೆ ಆಗಲೇ ಬಿದ್ದ ಯಂತ್ರ ಆನ್ ಆಗುತ್ತಿದ್ದಂತೆಯೇ ಮತ್ತೆ ಬೀಳುತ್ತಿತ್ತು, ನೆಟ್‌ಗೆ ಸೇರಿ ಸರಿಯಾದ ಕಡತ ತರಿಸಿಕೊಳ್ಳುವಷ್ಟು ಹೊತ್ತು ಹೆಚ್ಚಿನವು ಉಸಿರು ಹಿಡಿಯುತ್ತಿರಲಿಲ್ಲ. ಹಾಗಾಗಿ ಒಬ್ಬ ಮನುಷ್ಯ ಒಂದೊಂದೇ ಕಂಪ್ಯೂಟರಿನ ಮುಂದೆ ಕೂರಬೇಕಾಯಿತು. ಸೇಫ್ ಮೋಡ್‌ಗೆ ಹೋಗಬೇಕು, ಡ್ರೈವರುಗಳ ಫೋಲ್ಡರಿನಲ್ಲಿ ‘ಸಿ-00000291’ ಎಂದು ಶುರುವಾಗುವ ಕಡತ ಹುಡುಕಿ ಅಳಿಸಬೇಕು, ಮತ್ತೆ ಆನ್ ಮಾಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮೊದಲು 48 ಅಂಕಿಗಳ ಕೀಲಿಯನ್ನು ತಪ್ಪಿಲ್ಲದೆ ಒತ್ತಬೇಕು. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆಯ ಮುಖ್ಯಸ್ಥರು ಸುಮಾರು 40,000 ಸರ್ವರುಗಳನ್ನು ಕೈಯಾರೆ ಸರಿಪಡಿಸಬೇಕಾಯಿತು ಎಂದರು. ಮೋಡದಲ್ಲಿ ತೇಲುತ್ತದೆ ಎಂದು ನಾವು ನಂಬಿದ್ದ ಜಗತ್ತು ಆ ವಾರ ಬೆರಳುಗಳ ಮೇಲೆ ನಿಂತಿತ್ತು. ಆ ಶುಕ್ರವಾರ ಕಾರಣ ‘ಗೊತ್ತಿದ್ದವರು’ ಕೋಟಿಗಟ್ಟಲೆ, ನಾನೂ ಸೇರಿ. ಮಧ್ಯಾಹ್ನದ ಊಟ ಬಿಟ್ಟು ಸಾಲಾಗಿ ಕಂಪ್ಯೂಟರುಗಳ ಮುಂದೆ ಕೂತವರು ಬೇರೆ. ಅವರ ಹೆಸರನ್ನು ಯಾವ ಸುದ್ದಿಯಲ್ಲೂ ನಾನು ಓದಲಿಲ್ಲ.

ರಿಪೇರಿ ಕೋಣೆಯಲ್ಲಿ ಕಲಿಯುವ ವಿಷಯಗಳು ಇಷ್ಟು ಭವ್ಯವಲ್ಲ. ಆನ್ ಆಗದೆ ಬೀಪ್ ಬೀಪ್ ಎನ್ನುವ ಕಂಪ್ಯೂಟರಿನ ರ್‍ಯಾಮ್ ಕಿತ್ತು, ಅದರ ಹಿತ್ತಾಳೆ ಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸುವುದು. ಕೂರುವಾಗ ‘ಟಕ್’ ಎಂಬ ಸದ್ದು ಬರಬೇಕು, ಬಾರದಿದ್ದರೆ ಕೂತಿಲ್ಲ. ಎಷ್ಟು ಒತ್ತಬೇಕು ಎಂಬುದನ್ನು ನನಗೆ ಕಲಿಸುವವರು ಹೇಳಲಾರರು. ‘ಒತ್ತಿ ನೋಡಿ ಸರ್, ಅದೇ ಹೇಳುತ್ತೆ’ ಎನ್ನುತ್ತಾರೆ. ಒಮ್ಮೆ ಕಚೇರಿಯೊಂದರಿಂದ ‘ನೆಟ್ ಸತ್ತಿದೆ, ಯಾವ ಸೈಟೂ ಸುರಕ್ಷಿತವಲ್ಲ ಅಂತ ತೋರಿಸುತ್ತೆ’ ಎಂಬ ದೂರು ಬಂತು. ಅವರು ಕೇಬಲ್ಲನ್ನೂ ಮುಟ್ಟಲಿಲ್ಲ, ಪರದೆಯ ಮೂಲೆಯಲ್ಲಿದ್ದ ತಾರೀಕು ನೋಡಿದರು. ಅದು ಹತ್ತಾರು ವರ್ಷ ಹಿಂದಿತ್ತು. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿತ್ತು. ಕರೆಂಟು ಹೋದಾಗ ಕಂಪ್ಯೂಟರಿಗೆ ಕಾಲದ ನೆನಪು ಹೋಗುತ್ತದೆ; ತಾರೀಕು ತಪ್ಪಿದರೆ ಜಾಲತಾಣಗಳ ಪ್ರಮಾಣಪತ್ರಗಳು ಅದರ ಕಣ್ಣಿಗೆ ಇನ್ನೂ ಹುಟ್ಟಿಯೇ ಇಲ್ಲ. ರೋಗ ನೆಟ್‌ನಲ್ಲಿ ಕಂಡಿತು, ಕಾರಣ ಕೆಲವು ಹತ್ತು ರೂಪಾಯಿಯ ಬ್ಯಾಟರಿಯಲ್ಲಿತ್ತು.

ಆದರೆ ಅವರಿಂದ ಕಲಿತದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಫೋನಿನಲ್ಲಿ ಅವರು ‘ಕೇಬಲ್ ಸರಿಯಾಗಿ ಹಾಕಿದ್ದೀರಾ?’ ಎಂದು ಎಂದೂ ಕೇಳುವುದಿಲ್ಲ. ‘ಮೇಡಂ, ಆ ಕೇಬಲ್ ಪೂರ್ತಿ ತೆಗೆದು, ಒಂದ್ಸಲ ಧೂಳು ಊದಿ ಮತ್ತೆ ಹಾಕಿ’ ಎನ್ನುತ್ತಾರೆ. ಕೇಬಲ್ ಸಡಿಲವಾಗಿದ್ದರೆ ಅದು ಸದ್ದಿಲ್ಲದೆ ಸರಿಯಾಗುತ್ತದೆ, ‘ಹಾಕಿರಲಿಲ್ಲ’ ಎಂದು ಯಾರೂ ಒಪ್ಪಿಕೊಳ್ಳಬೇಕಿಲ್ಲ. ‘ಏನು ಮಾಡಿದ್ರಿ?’ ಎನ್ನುವ ಬದಲು ‘ಕೊನೇ ಸಲ ಸರಿಯಾಗಿದ್ದದ್ದು ಯಾವಾಗ?’ ಎನ್ನುತ್ತಾರೆ. ಕೆಟ್ಟ ಕಂಪ್ಯೂಟರಿನ ಮುಂದೆ ಕೂತ ಹಿರಿಯ ಪ್ರಾಧ್ಯಾಪಕರೂ ಎಂಟನೇ ತರಗತಿಯ ಹುಡುಗನಷ್ಟೇ ಅಂಜಿರುತ್ತಾರೆ, ‘ನಾನೇನೂ ಮಾಡಿಲ್ಲಪ್ಪ’ ಎಂಬುದೇ ಅವರ ಮೊದಲ ಮಾತು. ಅವಮಾನವಾದವರು ನಿಜ ಹೇಳುವುದಿಲ್ಲ, ನಿಜ ಸಿಗದೆ ಯಂತ್ರ ಸರಿಯಾಗುವುದಿಲ್ಲ. ಇಲ್ಲಿ ಮರ್ಯಾದೆ ಕೆಲಸದ ಮೇಲಿನ ಅಲಂಕಾರವಲ್ಲ, ಕೆಲಸದ ಒಂದು ಭಾಗ.

ಜೆರಾಕ್ಸ್ ಕಂಪನಿಯ ರಿಪೇರಿ ಕೆಲಸಗಾರರ ಜೊತೆ ಓಡಾಡಿ ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಬರೆದ ‘ಟಾಕಿಂಗ್ ಅಬೌಟ್ ಮಷೀನ್ಸ್’ (1996) ಇದನ್ನೇ ಕಂಡುಕೊಂಡಿತ್ತು. ಕಂಪನಿ ಕೊಟ್ಟ ಕೈಪಿಡಿಯಲ್ಲಿ ಪ್ರತಿ ಹೆಜ್ಜೆಯೂ ಇತ್ತು. ಕೆಲಸಗಾರರು ಕಷ್ಟದ ರೋಗಗಳನ್ನು ಬಿಡಿಸುತ್ತಿದ್ದದ್ದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕತೆಗಳಿಂದ. ಅವರು ಯಂತ್ರದ ಜೊತೆಗೆ ಗಿರಾಕಿಗೂ ಯಂತ್ರಕ್ಕೂ ನಡುವೆ ಕೆಟ್ಟ ಸಂಬಂಧವನ್ನೂ ರಿಪೇರಿ ಮಾಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ವೈದ್ಯರ ಬಗ್ಗೆ ‘ಕೈಗುಣ’ ಎನ್ನುತ್ತಾರಲ್ಲ, ಅದನ್ನು ನಾನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿದ್ದೆ. ಈಗ ಆ ಪದದ ಒಳಗೆ ಓರ್ ಹೇಳುವುದೇ ಇದೆ ಅನ್ನಿಸುತ್ತದೆ.

ಹೊಣೆ ಹುಟ್ಟುವುದು ಇಲ್ಲಿ. ಸುದ್ದಿ ನನಗೆ ಗೊತ್ತಿರಲು ಎದುರಿಗೆ ಯಾರೂ ಬೇಕಿಲ್ಲ, ನನ್ನ ತಿಳಿವಳಿಕೆ ತಪ್ಪಾಗಿದ್ದರೆ ಯಾರ ಕಂಪ್ಯೂಟರೂ ಕೆಡುವುದಿಲ್ಲ. ಬರುವ ವಿದ್ಯೆ ಹಾಗಲ್ಲ, ಅದು ಯಾರದೋ ಮೇಜಿನ ಮೇಲೆ ಬಂದು ನಿಲ್ಲುತ್ತದೆ. ಆ ಮೇಜಿನ ಮೇಲೆ ಅವರ ಮಗಳ ಮದುವೆಯ ಫೋಟೋ, ಬ್ಯಾಂಕಿನ ಪಾಸ್‌ವರ್ಡ್ ಬರೆದ ಚೀಟಿ, ಇನ್ನೂ ಕಳಿಸದ ರಾಜೀನಾಮೆ ಪತ್ರ ಎಲ್ಲ ಇರುತ್ತವೆ. ಬ್ಯಾಕಪ್ ತೆಗೆಯುವಾಗ ಕಡತಗಳ ಗಾತ್ರವನ್ನಷ್ಟೇ ನೋಡಿ ಹೆಸರುಗಳ ಮೇಲೆ ಕಣ್ಣು ನಿಲ್ಲಿಸದಿರುವುದು ಕೂಡ ಕೈ ಪಳಗಿದ ಹಾಗೆ ಕಣ್ಣು ಪಳಗುವುದು. ಇದನ್ನು ನನಗೆ ಯಾರೂ ಪಾಠವಾಗಿ ಹೇಳಲಿಲ್ಲ. ಅವರು ಪಾಸ್‌ವರ್ಡ್ ಒತ್ತುವಾಗ ಕಿಟಕಿಯ ಕಡೆ ಮುಖ ತಿರುಗಿಸುವುದನ್ನು ನೋಡಿದೆ, ಅಷ್ಟೆ.

ಹಾಗೆಂದು ಸುದ್ದಿ ಬೇಡವೆಂದಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತದೆ ಎಂಬ ಸುದ್ದಿ ಬಂದಿದ್ದಾಗ ಗೇಟಿನ ಬಳಿ ಜೆರಾಕ್ಸ್, ಟೈಪಿಂಗ್ ಅಂಗಡಿ ನಡೆಸುವ ಅಕ್ಕ ಕೇಳಿದರು: ‘ಅಕ್ಟೋಬರ್ ಆದ್ಮೇಲೆ ಇದು ಆನೇ ಆಗಲ್ವಂತೆ, ಹೌದೇನಪ್ಪಾ?’ ಅವರ ಕಂಪ್ಯೂಟರ್ ಹಳೆಯದು, ವಿಂಡೋಸ್ 11 ಬೇಡುವ ಟಿಪಿಎಂ 2.0 ಅದರಲ್ಲಿಲ್ಲ. ಆದರೆ ಅದರಲ್ಲಿ ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪಾದ ಪ್ರಬಂಧಗಳಿವೆ. ಯೂನಿಕೋಡ್ ಅಲ್ಲದ ಆ ಕಡತಗಳನ್ನು ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಕೊಂಬು ಬಾಲಗಳ ವಿಚಿತ್ರ ರೋಮನ್ ಅಕ್ಷರಗಳು ಕಾಣುತ್ತವೆ. ‘ಹೊಸದು ತಗೊಳ್ಳಿ ಅಕ್ಕ’ ಎನ್ನುವುದು ಸುಲಭ, ಸುದ್ದಿಯ ದೃಷ್ಟಿಯಿಂದ ಸರಿಯೂ ಹೌದು. ಆ ಮಾತಿನ ಬೆಲೆ ಅವರಿಗೆ ಎರಡು ತಿಂಗಳ ದುಡಿಮೆ.

ಆನ್ ಆಗುತ್ತದೆ, ಆದರೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ, ಇನ್ನೊಂದು ವರ್ಷ ಅದನ್ನು ಪಡೆಯುವ ದಾರಿಯೂ ಇದೆ ಎಂದು ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, ‘ನೆಟ್ ಇಲ್ದಿದ್ರೆ?’ ಎಂದರು. ನೆಟ್ ಇಲ್ಲದಿದ್ದರೆ ಅಪಾಯ ಬಹಳ ಕಡಿಮೆ, ಪೆನ್‌ಡ್ರೈವ್ ಬಗ್ಗೆ ಮಾತ್ರ ಎಚ್ಚರ ಬೇಕು ಎಂದೆ. ಕಡತಗಳದ್ದೊಂದು ಪ್ರತಿ ತೆಗೆದು, ನೆಟ್ ಕೇಬಲ್ ಕಿತ್ತು ಸುತ್ತಿಟ್ಟೆವು. ಮಿಂಚಂಚೆ, ಆನ್‌ಲೈನ್ ಅರ್ಜಿಗಳಿಗೆ ಅವರ ತಮ್ಮನ ಲ್ಯಾಪ್‌ಟಾಪ್ ಬಂದಿದೆ. ಹಳೆಯದರ ಮಾನಿಟರಿನ ಕೆಳಗೆ ಅಕ್ಕ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾರೆ: ‘ಇದಕ್ಕೆ ನೆಟ್ ಹಾಕಬಾರದು. ನುಡಿ ಕೆಲಸ ಮಾತ್ರ.’