ಶುಕ್ರವಾರದ ಲಕ್ಷ್ಮಿ

ನಮ್ಮ ದೇವಿಕೊಪ್ಪದ ಮನೆಯಲ್ಲಿ ಬೆಳ್ಳಿಯ ಲಕ್ಷ್ಮೀಮೂರ್ತಿಯೊಂದುಂಟು; ಪೂಜೆ ಮುಗಿದೊಡನೆ ತಿಜೋರಿ ಸೇರುವದು. ಒಂದು ಶುಕ್ರವಾರ ಸಂಜೆ, ಭತ್ತ ಕೊಯ್ದ ಹೆಣ್ಣಾಳು ಕೂಲಿಗೆ ಬಂದಳು. “ಇವತ್ತ ಲಕ್ಷ್ಮೀನ್ನ ಹೊರಗ ಕಳಸಬಾರದವಾ, ನಾಳೆ ಬಾ” ಎಂದೆನು. ಅವಳು ಹೊಸ್ತಿಲಾಚೆಯಿಂದಲೇ ಮೂರ್ತಿಗೆ ಕೈಮುಗಿದು ಹೋದಳು.

ದೊಡ್ಡಗದ್ದವಳ್ಳಿಯಲ್ಲಿ 1114ರ ಸುಮಾರಿಗೆ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಲಕ್ಷ್ಮಿಗೆ ಗುಡಿ ಕಟ್ಟಿಸಿದರು. ಹಣದ ಬೆಲೆಯನ್ನು ನನಗಿಂತ ಚೆನ್ನಾಗಿ ಬಲ್ಲವನು ದೇವಿಯನ್ನು ತನ್ನ ಕೋಣೆಯಲ್ಲಿರಿಸಿಕೊಳ್ಳಲಿಲ್ಲ. ಚಾಲುಕ್ಯರ ಕಾಲದ ಅನೇಕ ಶಿವಾಲಯಗಳಲ್ಲಂತೂ ಗಜಲಕ್ಷ್ಮಿಯ ಸ್ಥಾನ ಬಾಗಿಲವಾಡದ ಮೇಲೆಯೇ. ಬರುವವರೂ ಹೋಗುವವರೂ ಅವಳ ಅಡಿಯಲ್ಲಿಯೇ ಸಾಗಬೇಕು.

ಶುಕ್ರವಾರದ ಕಟ್ಟಳೆಯನ್ನು ಹಿರಿಯರು ಸಮರ್ಥಿಸಬಹುದು. ಅವರೊಡನೆ ನನಗೆ ವಾದವಿಲ್ಲ. ಆದರೆ ಕೂಲಿಯು ಸಾಲವಲ್ಲ, ದಾನವೂ ಅಲ್ಲ. ಕುಡುಗೋಲು ಕೆಳಗಿಟ್ಟ ಗಳಿಗೆಯಲ್ಲಿಯೇ ಅದು ಅವಳದಾಗಿತ್ತು. ಪರರ ಲಕ್ಷ್ಮಿಯನ್ನು ಹಿಡಿದಿಟ್ಟು ನಾನು ಯಾವ ದೇವಿಯನ್ನು ಪೂಜಿಸಿದೆನು?

ಮರುದಿನ ಅವಳು ಬರುವ ಮೊದಲೇ ನಾನು ಹೋಗಿ ಕೊಟ್ಟೆನು. ಎಣಿಸದೆ ಸೆರಗಿಗೆ ಕಟ್ಟಿಕೊಂಡಳು.